ತೋಟದ ಮನೆಯ ಅತಿಥಿಗಳು

ಮಕ್ಕಳ ಶಾಲೆಗೆ ರಜೆ ಬರುವ ಕಾಲವು ಸಮೀಪಿಸಿದೊಡನೆ ಗೃಹಸ್ಥರ ಮನೆಗಳಲ್ಲಿ ‘ಈ ಸಲ ಎಲ್ಲಿಗೆ?’ ಎಂಬ ಪ್ರಶ್ನೆ ಹುಟ್ಟುವುದು ಸಹಜವಷ್ಟೆ. ಹಿಂದಿನ ಕಾಲದಲ್ಲಿ ಇದಕ್ಕೆ ಉತ್ತರವನ್ನು ಹುಡುಕುವ ಶ್ರಮವೇ ಇರಲಿಲ್ಲ. ಅಜ್ಜನ ಮನೆಯಿತ್ತು, ಸೋದರಮಾವನ ಮನೆಯಿತ್ತು. ಅಲ್ಲಿ ಕೊಟ್ಟಿಗೆಯಿತ್ತು, ಬಾವಿಯಿತ್ತು, ಹತ್ತುವುದಕ್ಕೆ ಮಾವಿನ ಮರವಿತ್ತು. ಈಗ ಅನೇಕ ಕುಟುಂಬಗಳಲ್ಲಿ ಅಜ್ಜನೂ ಅಜ್ಜಿಯೂ ಪಟ್ಟಣದಲ್ಲಿ ಮಗನ ಮನೆಯ ಮೂರನೆಯ ಅಂತಸ್ತಿನಲ್ಲಿ ಇದ್ದಾರೆ. ಊರಿನ ಮನೆಗೆ ಬೀಗ ಬಿದ್ದಿದೆ. ಹೀಗೆ ಊರನ್ನು ಕಳೆದುಕೊಂಡವರಿಗೆ ನಾಲ್ಕು ದಿನದ ಮಟ್ಟಿಗೆ ಊರನ್ನು ಒದಗಿಸಿಕೊಡುವ ಒಂದು ಹೊಸ ಪದ್ಧತಿಯು ನಮ್ಮ ನಾಡಿನಲ್ಲಿ ಬೇರೂರಿದೆ. ಜನರು ಇದನ್ನು ‘ಹೋಂಸ್ಟೇ’ ಎನ್ನುತ್ತಾರೆ. ಕೃಷಿಕನು ತಾನು ವಾಸಮಾಡುವ ತೋಟದ ಮನೆಯಲ್ಲಿಯೇ ಒಂದೆರಡು ಕೋಣೆಗಳನ್ನು ತೆರವುಮಾಡಿ, ಹಣ ತೆಗೆದುಕೊಂಡು ಪರಸ್ಥಳದವರನ್ನು ಇಳಿಸಿಕೊಂಡು, ತನ್ನ ಮನೆಯ ಊಟವನ್ನೇ ಅವರಿಗೂ ಬಡಿಸುವುದು ಇದರ ಸ್ವರೂಪ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ ಸೀಮೆಗಳಲ್ಲಿ ಇಂಥ ಮನೆಗಳು ಬಹಳವಾಗಿವೆ. ಇವುಗಳಲ್ಲಿ ಹಲವು ತಮ್ಮನ್ನು ‘ಪರಿಸರಸ್ನೇಹಿ’ ಎಂದು ಕರೆದುಕೊಳ್ಳುತ್ತವೆ. ಆ ಮಾತು ಎಲ್ಲಿ ನಿಜ, ಎಲ್ಲಿ ಬರಿಯ ಬಣ್ಣ, ಅಲ್ಲಿಗೆ ಹೋಗುವ ಗೃಹಸ್ಥನ ಧರ್ಮವೇನು ಎಂಬುದನ್ನು ಈ ತಿಂಗಳು ವಿಚಾರಮಾಡೋಣ.

ಮೊದಲು ಒಂದು ಆಕ್ಷೇಪಣೆಯನ್ನು ಎದುರಿಸಬೇಕಾಗಿದೆ. ‘ಅತಿಥಿಸತ್ಕಾರವನ್ನು ಹಣಕ್ಕೆ ಮಾರುವುದು ಉಂಟೆ? ಅನ್ನವಿಕ್ರಯವನ್ನು ನಮ್ಮ ಹಿರಿಯರು ನಿಂದಿಸಿರಲಿಲ್ಲವೆ?’ ಎಂದು ನಮ್ಮ ಮಿತ್ರರೊಬ್ಬರು ಕೇಳಿದರು. ಪ್ರಶ್ನೆ ಸಾಧುವಾದುದೇ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ವಿದ್ಯೆಯನ್ನು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರುವು ಅತಿಥಿಯನ್ನು ದೇವರಂತೆ ಕಾಣೆಂದು ಉಪದೇಶಿಸುತ್ತಾನೆ. ದೇವರಿಗೆ ಬೆಲೆಪಟ್ಟಿಯನ್ನು ಕೊಡುವವರುಂಟೆ? ಆದರೆ ಅತಿಥಿಯೆಂಬ ಶಬ್ದದ ಅರ್ಥವನ್ನು ಕೊಂಚ ನೋಡಬೇಕು. ಸಂಚಾರವೆಂಬ ಅರ್ಥವುಳ್ಳ ‘ಅತ್’ ಧಾತುವಿನಿಂದ ಈ ಪದವನ್ನು ವೈಯಾಕರಣರು ಸಾಧಿಸುತ್ತಾರೆ. ಸ್ಥಿರವಾಗಿ ನಿಲ್ಲದವನಾದ್ದರಿಂದ ಅತಿಥಿಯೆಂದೂ, ಅವನ ವಾಸವು ಒಂದು ರಾತ್ರಿಯದೆಂದೂ ಮನುಸ್ಮೃತಿ ಹೇಳುತ್ತದೆ. ದಾರಿ ನಡೆದು ಬಳಲಿ, ಕತ್ತಲೆಗೆ ಆಶ್ರಯ ಬೇಡಿ, ಬೆಳಗಾದರೆ ಹೊರಟುಹೋಗುವವನು ಅತಿಥಿ. ನಾಲ್ಕು ತಿಂಗಳ ಮೊದಲೇ ಕೋಣೆಯನ್ನು ಗೊತ್ತುಮಾಡಿಕೊಂಡು, ಪೆಟ್ಟಿಗೆಗಳೊಡನೆ ಮೋಟಾರಿನಲ್ಲಿ ಬಂದಿಳಿದು, ಮೂರು ದಿನ ವಿಶ್ರಾಂತಿಗಾಗಿ ನಿಲ್ಲುವವನು ಆ ಅರ್ಥದಲ್ಲಿ ಅತಿಥಿಯಲ್ಲ. ಅವನ ಸಲುವಾಗಿ ಆ ಮನೆಯವರು ಮಾಡುವ ದುಡಿಮೆಗೆ ಪ್ರತಿಫಲವನ್ನು ಕೊಡದಿರುವುದೇ ಅಧರ್ಮವಾದೀತು. ಹಣ ಕೊಡುವುದು ದೋಷವಲ್ಲ. ಹಣ ಕೊಟ್ಟ ಮಾತ್ರಕ್ಕೆ ಮನೆಯೆಲ್ಲ ತನ್ನದಾಯಿತೆಂದು ಭಾವಿಸುವುದು ದೋಷ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ವಿಚಾರಗಳು ಸುಲಭವಾಗುತ್ತವೆ.

ಮಾತು ಬರಿಯ ತರ್ಕವಾಗಬಾರದಾದ್ದರಿಂದ ನಾವು ಕಣ್ಣಾರೆ ಕಂಡುದನ್ನು ಹೇಳುತ್ತೇವೆ. ಕಳೆದ ಮಾಘಮಾಸದಲ್ಲಿ ನಮ್ಮ ಗೃಹಿಣಿಯನ್ನೂ ಒಂಬತ್ತು ವರ್ಷದ ಮೊಮ್ಮಗಳನ್ನೂ ಕರೆದುಕೊಂಡು ಶಿರಸಿಗೂ ಸಿದ್ದಾಪುರಕ್ಕೂ ನಡುವಿನ ಒಂದು ಅಡಕೆ ತೋಟದ ಮನೆಯಲ್ಲಿ ನಾಲ್ಕು ದಿನ ಇದ್ದೆವು. ಆ ಸೀಮೆಯ ತೋಟಗಳು ಇಂದು ನಿನ್ನೆಯವಲ್ಲ. ಫ್ರಾನ್ಸಿಸ್ ಬುಕನನ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯನು 1801ರಲ್ಲಿ ಸೋಂದೆ ಶಿರಸಿಗಳ ಮಾರ್ಗವಾಗಿ ಹೋಗುತ್ತ ಅಲ್ಲಿನ ಅಡಕೆ ಮೆಣಸುಗಳ ಕೃಷಿಕ್ರಮವನ್ನು ವಿಚಾರಿಸಿ ಬರೆದುಕೊಂಡಿದ್ದಾನೆ. ಅವನ ಗ್ರಂಥವು 1807ರಲ್ಲಿ ಅಚ್ಚಾಯಿತು. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ತೋಟ, ಅದರ ಅಂಚಿನಲ್ಲಿ ಮನೆ, ಮನೆಯ ಹಿಂದೆ ಏರುತ್ತ ಹೋಗುವ ಬೇಣ, ಅದರಾಚೆಗೆ ಬೆಟ್ಟ: ಇದು ಅಲ್ಲಿಯ ಸಾಮಾನ್ಯ ರಚನೆ. ಈ ನಾಲ್ಕರಲ್ಲಿ ಒಂದನ್ನು ಕೆಡಿಸಿದರೂ ಉಳಿದ ಮೂರು ನಿಲ್ಲಲಾರವೆಂಬುದನ್ನು ಮುಂದೆ ಹೇಳುತ್ತೇವೆ.

ಮನೆಯ ಗೋಡೆಗಳು ಕೆಂಪುಕಲ್ಲಿನವು. ಈ ಕಲ್ಲು ನೆಲದಲ್ಲಿರುವಾಗ ಕಡಿಯುವಷ್ಟು ಮೃದುವಾಗಿದ್ದು, ಗಾಳಿಗೆ ಆರಿದ ಮೇಲೆ ಗಟ್ಟಿಯಾಗುತ್ತದೆ. ಸುಡುವ ಗೂಡು ಬೇಡ, ಸೌದೆ ಬೇಡ. ಮಾಡಿಗೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದದ್ದು 1865ರಲ್ಲಿ. ಅಲ್ಲಿಂದೀಚೆಗೆ ಮಲೆನಾಡಿನ ಸೋಗೆಯ ಮಾಡುಗಳೂ ನಾಡಹೆಂಚಿನ ಮಾಡುಗಳೂ ಕ್ರಮೇಣ ಇದಕ್ಕೆ ಎಡೆಗೊಟ್ಟವು. ಮಾಡಿನ ಇಳಿಜಾರು ಕಡಿದಾಗಿದೆ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವಲ್ಲಿ ಇಳಿಜಾರಿಲ್ಲದ ಮಾಡು ನಿಲ್ಲಲಾರದು. ಮುಂದೆ ಅಗಲವಾದ ಜಗಲಿ, ಅದರ ಮುಂದೆ ಸೆಗಣಿ ಸಾರಿಸಿದ ಅಂಗಳ. ನಮಗೆ ಕೊಟ್ಟ ಕೋಣೆಯಲ್ಲಿ ಎರಡು ಮಂಚ, ಒಂದು ಗೂಟದ ಹಲಗೆ, ಒಂದು ಮೇಜು. ಗಾಳಿಯನ್ನು ತಣಿಸುವ ಯಂತ್ರವಾಗಲಿ ದೂರದರ್ಶನವಾಗಲಿ ಇರಲಿಲ್ಲ. ಮೊಮ್ಮಗಳು ಮೊದಲನೆಯ ದಿನ ಮುಖ ಸಣ್ಣದು ಮಾಡಿಕೊಂಡಳು. ಎರಡನೆಯ ದಿನ ಕೊಟ್ಟಿಗೆಯಲ್ಲಿ ಹದಿನೈದು ದಿನದ ಕರುವೊಂದು ಅವಳ ಲಂಗದ ಅಂಚನ್ನು ಚೀಪಿದ ಮೇಲೆ ಆ ವಿಷಯ ಮತ್ತೆ ಬರಲಿಲ್ಲ.

ನೀರಿನ ವ್ಯವಸ್ಥೆ ನೋಡತಕ್ಕದ್ದು. ಬೇಣದ ಮೇಲ್ಗಡೆಯಲ್ಲಿ ಒಂದು ಒರತೆಯಿದೆ. ಹಿಂದೆ ಅಡಕೆಯ ಮರವನ್ನು ಸೀಳಿ, ತಿರುಳು ತೆಗೆದು, ಆ ದಂಬೆಗಳನ್ನು ಒಂದಕ್ಕೊಂದು ಜೋಡಿಸಿ ನೀರನ್ನು ಮನೆಯ ಹಿತ್ತಿಲಿಗೆ ತರುತ್ತಿದ್ದರಂತೆ, ಈಗ ಕೊಳವೆಯಿದೆ. ಕ್ರಮ ಮಾತ್ರ ಅದೇ: ನೀರು ತನ್ನ ಭಾರದಿಂದ ತಾನೇ ಇಳಿದು ಬರುತ್ತದೆ, ಪಂಪು ಬೇಡ, ವಿದ್ಯುತ್ತು ಬೇಡ. ಬಳಸಿ ಉಳಿದದ್ದು ಕಾಲುವೆಯಾಗಿ ಬಾಳೆಯ ಬುಡಕ್ಕೂ ಅಡಕೆಯ ಬುಡಕ್ಕೂ ಹೋಗುತ್ತದೆ. ಆದರೆ ಒರತೆಯ ಧಾರೆ ಕಾರ್ತಿಕದಲ್ಲಿ ತೋಳಿನಷ್ಟಿದ್ದದ್ದು ಮಾಘಕ್ಕೆ ಹೆಬ್ಬೆರಳಿನಷ್ಟಾಗುತ್ತದೆ. ಚೈತ್ರದಲ್ಲಿ ಅದು ನೂಲಿನಂತಾಗುವುದೂ ಉಂಟೆಂದು ಯಜಮಾನರು ಹೇಳಿದರು. ನಮ್ಮ ದೇಶದಲ್ಲಿ ನಗರದ ನೀರು ಸರಬರಾಜನ್ನು ತಲೆಗೆ ದಿನಕ್ಕೆ 135 ಲೀಟರಿನ ಲೆಕ್ಕದಲ್ಲಿ ಯೋಜಿಸುವುದು ವಾಡಿಕೆ; ಹಳ್ಳಿಯ ಮನೆಮನೆಗೂ ನಲ್ಲಿಯಿಡಲು 2019ರಲ್ಲಿ ಪ್ರಾರಂಭವಾದ ಜಲಜೀವನ ಯೋಜನೆಯು ಇಟ್ಟುಕೊಂಡ ಗುರಿ 55 ಲೀಟರು. ಪಟ್ಟಣಿಗನು ಹಳ್ಳಿಗೆ ಹೋಗುವಾಗ ತನ್ನ 135 ಲೀಟರಿನ ಅಭ್ಯಾಸವನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಂಡೇ ಹೋಗುತ್ತಾನೆ. ಮೇಲಿನಿಂದ ಸುರಿಯುವ ತುಂತುರು ನಲ್ಲಿಯ ಕೆಳಗೆ ಹತ್ತು ನಿಮಿಷ ನಿಂತರೆ ನಾಲ್ಕೈದು ಬಕೆಟ್ಟು ನೀರು ಹೋಗುತ್ತದೆ. ಈ ಮನೆಯ ಬಚ್ಚಲಿನಲ್ಲಿ ಆ ನಲ್ಲಿಯಿಲ್ಲ. ತಾಮ್ರದ ಹಂಡೆಯಿದೆ, ತಂಬಿಗೆಯಿದೆ. ಒಲೆಗೆ ಒಣಗಿದ ಅಡಕೆಯ ಸೋಗೆಯೂ ತೆಂಗಿನ ಸಿಪ್ಪೆಯೂ ಸಾಕು. ಎರಡು ಬಕೆಟ್ಟಿನಲ್ಲಿ ನಾವು ಮಾಡಿದ ಅಭ್ಯಂಜನಕ್ಕೆ ಯಾವ ಕೊರತೆಯೂ ಆಗಲಿಲ್ಲ.

ಅಡಿಗೆಮನೆಯ ಒಲೆ ಉರಿಯುವುದು ಸೆಗಣಿಯ ಅನಿಲದಿಂದ. ಕೊಟ್ಟಿಗೆಯ ಪಕ್ಕದಲ್ಲಿ ನೆಲದೊಳಗೆ ಇಟ್ಟಿಗೆಯ ಗುಮ್ಮಟವೊಂದನ್ನು ಕಟ್ಟಿದ್ದಾರೆ; 1984ರಲ್ಲಿ ರೂಪುಗೊಂಡ ‘ದೀನಬಂಧು’ ಎಂಬ ಮಾದರಿಯದು. ದಿನವೂ ಬೆಳಿಗ್ಗೆ ಸುಮಾರು ಐವತ್ತು ಕಿಲೋಗ್ರಾಂ ಸೆಗಣಿಯನ್ನು ಅಷ್ಟೇ ನೀರಿನಲ್ಲಿ ಕಲಸಿ ಅದರೊಳಕ್ಕೆ ಬಿಡುತ್ತಾರೆ. ಗಾಳಿ ಸೇರದ ಆ ಗರ್ಭದಲ್ಲಿ ಸೂಕ್ಷ್ಮಜೀವಿಗಳು ಅದನ್ನು ಕೊಳೆಯಿಸಿದಾಗ ಮೀಥೇನ್ ಎಂಬ ಉರಿಯುವ ಅನಿಲ ಹುಟ್ಟುತ್ತದೆ. ಐವತ್ತು ಕಿಲೋಗ್ರಾಂ ಸೆಗಣಿಯಿಂದ ಸುಮಾರು ಎರಡು ಘನಮೀಟರು ಅನಿಲ ದೊರೆತು, ಒಂದು ಸಾಧಾರಣ ಸಂಸಾರದ ಅಡಿಗೆ ನಡೆಯುತ್ತದೆ. ಹೊರಗೆ ಬರುವ ಬಗ್ಗಡವು ಗೊಬ್ಬರ; ಸೆಗಣಿಯಲ್ಲಿನ ಸಾರಜನಕವು ಅದರಲ್ಲಿ ಉಳಿದೇ ಇರುತ್ತದೆ. ಬೆರಣಿ ತಟ್ಟಿ ಸುಟ್ಟರೆ ಉರಿಯೊಂದೇ ಸಿಕ್ಕುತ್ತದೆ, ಗೊಬ್ಬರ ಹೋಗುತ್ತದೆ. ಇಲ್ಲಿ ಉರಿಯೂ ಸಿಕ್ಕಿತು, ಗೊಬ್ಬರವೂ ಉಳಿಯಿತು. ಆದರೆ ಈ ಲೆಕ್ಕಕ್ಕೆ ನಾಲ್ಕೈದು ದನಗಳು ಕೊಟ್ಟಿಗೆಯಲ್ಲಿರಬೇಕು; ದನಗಳಿಗೆ ಹುಲ್ಲು ಬೇಕು, ಹುಲ್ಲಿಗೆ ಬೇಣ ಬೇಕು.

ಬೆಟ್ಟದ ವಿಷಯವೂ ಹೀಗೆಯೇ. ಉತ್ತರ ಕನ್ನಡದಲ್ಲಿ ತೋಟಗಾರರಿಗೆ ‘ಸೊಪ್ಪಿನ ಬೆಟ್ಟ’ ಎಂಬ ಹಕ್ಕು ಆಂಗ್ಲರ ಆಳ್ವಿಕೆಯ ಕಾಲದಿಂದ ಬಂದಿದೆ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಕಾಡನ್ನು ಗೊತ್ತುಮಾಡಿ, ಅಲ್ಲಿಂದ ಸೊಪ್ಪು ದರಕುಗಳನ್ನು ತರುವ ಅನುಕೂಲವನ್ನು ಕೊಟ್ಟರು. ನೆಲ ಸರ್ಕಾರದ್ದು, ಸೊಪ್ಪು ತೋಟಗಾರನದು. ತಂದ ಸೊಪ್ಪನ್ನು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಿ, ಅದು ಗಂಜಲ ಸೆಗಣಿಗಳಲ್ಲಿ ನೆನೆದು ಗೊಬ್ಬರವಾದ ಮೇಲೆ ಅಡಕೆಯ ಬುಡಕ್ಕೆ ಹಾಕುತ್ತಾರೆ. ಬೆಟ್ಟದ ಮರಗಳ ಬೇರು ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಒರತೆಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಹೀಗೆ ಬೆಟ್ಟದಿಂದ ಕೊಟ್ಟಿಗೆ, ಕೊಟ್ಟಿಗೆಯಿಂದ ತೋಟ, ತೋಟದಿಂದ ಮನೆ. ‘ಪರಿಸರಸ್ನೇಹಿ’ ಎಂಬ ಪದವು ಹುಟ್ಟುವುದಕ್ಕಿಂತ ಎಷ್ಟೋ ಮೊದಲೇ ಈ ಸಂಸಾರ ನಡೆದಿತ್ತು.

ಇಷ್ಟು ಹೇಳಿ, ಆ ತೋಟದಲ್ಲಿ ಎಲ್ಲವೂ ಋಷ್ಯಾಶ್ರಮದಂತಿದೆಯೆಂದು ಬರೆದರೆ ಅದು ಸತ್ಯವಾಗದು. ಮಳೆಗಾಲದಲ್ಲಿ ಅಡಕೆಗೆ ಕೊಳೆರೋಗ ಬರುತ್ತದೆ. ಹಿಂದೆ ಕರಡದ ಹುಲ್ಲಿನ ಕೊಟ್ಟೆಗಳನ್ನು ಹೆಣೆದು ಕೊನೆಗಳಿಗೆ ಕಟ್ಟುತ್ತಿದ್ದರು. ಈಗ ಮೈಲುತುತ್ತವನ್ನೂ ಸುಣ್ಣವನ್ನೂ ಬೆರಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಯಜಮಾನರು ಇದನ್ನು ನಮ್ಮಿಂದ ಮುಚ್ಚಿಡಲಿಲ್ಲ. ‘ಮಾಸ್ತರೇ, ನಮ್ಮದು ಪೂರಾ ಸಾವಯವ ಅಂತ ಹಲಗೆ ಬರೆಸಿ ಹಾಕಿ ಅಂತ ಮಗ ಹೇಳ್ತಾನೆ. ತುತ್ತ ಹೊಡೆಯೋದು ನಾನು, ಹಲಗೆ ಮಾತ್ರ ಹೇಗೆ ಬರೆಸಲಿ?’ ಎಂದರು. ಈ ಒಂದು ಮಾತಿನಿಂದ ಆ ಮನೆಯ ಮೇಲೆ ನಮಗೆ ವಿಶ್ವಾಸ ಹುಟ್ಟಿತು. ತನ್ನಲ್ಲಿ ಏನು ಇಲ್ಲವೆಂಬುದನ್ನು ಹೇಳಬಲ್ಲವನು ಏನು ಇದೆಯೆಂದು ಹೇಳಿದರೆ ನಂಬಬಹುದು.

ಊಟದ ವಿಚಾರವನ್ನು ಗೃಹಿಣಿಯರು ಕೇಳದೆ ಬಿಡಲಾರರು. ಬೆಳಿಗ್ಗೆ ತೆಳ್ಳೇವು, ಅದಕ್ಕೆ ಜೋನಿಬೆಲ್ಲ ತುಪ್ಪ. ಕಾಫಿಯ ಬದಲು ಕೊತ್ತಂಬರಿ ಜೀರಿಗೆಗಳ ಕಷಾಯ. ಮಧ್ಯಾಹ್ನ ಒಂದೆಲಗದ ತಂಬುಳಿ, ಬಾಳೆದಿಂಡಿನ ಪಲ್ಯ, ಅಪ್ಪೆಹುಳಿ, ಮನೆಯ ಮಜ್ಜಿಗೆ. ಬಾಯಾರಿಕೆಗೆ ಮುರುಗಲ ಹಣ್ಣಿನ ಪಾನಕ. ಎಲ್ಲವೂ ಬಾಳೆಯೆಲೆಯ ಮೇಲೆ. ಎಲೆ ಮುಗಿದ ಕೂಡಲೆ ದನಕ್ಕೆ. ಅಂಗಡಿಯಿಂದ ತಂದದ್ದು ಉಪ್ಪು, ಬೇಳೆ, ಮತ್ತೆ ಕೆಲವು ಸಾಮಾನು ಮಾತ್ರ. ಇಂಥ ಅಡಿಗೆ ರುಚಿಯೆಂದು ಹೇಳಿ ಏಳುವುದು ಸುಲಭ. ಅದರ ಹಿಂದಿನ ಕೈಗಳನ್ನು ನೋಡುವವರು ಕಡಮೆ. ಆ ಮನೆಯಾಕೆ ನಸುಕಿನಲ್ಲಿ ಎದ್ದು, ಹಾಲು ಕರೆದು, ಅಂಗಳ ಸಾರಿಸಿ, ನಮಗೆಲ್ಲ ಬಡಿಸಿ ತಾವು ಊಟಕ್ಕೆ ಕೂರುವಾಗ ಮೂರು ಗಂಟೆ ಮೀರಿರುತ್ತಿತ್ತು. ಅದು ಅಡಕೆ ಸುಲಿತದ ಕಾಲವೂ ಹೌದು. ರಾತ್ರಿ ಊಟವಾದ ಮೇಲೆ ನೆರೆಯವರು ನಾಲ್ಕು ಜನ ಬಂದು, ಮೆಟ್ಟುಗತ್ತಿಯ ಮುಂದೆ ಕೂತು ಹತ್ತು ಗಂಟೆಯವರೆಗೂ ಹಸಿಯಡಕೆ ಸುಲಿಯುತ್ತಿದ್ದರು. ಸುಲಿದದ್ದನ್ನು ಮರುದಿನ ದೊಡ್ಡ ಹಂಡೆಯಲ್ಲಿ ಚೊಗರಿನೊಡನೆ ಬೇಯಿಸಿ ಅಟ್ಟದ ಮೇಲೆ ಹರವಿ ಒಣಗಿಸುವುದು. ನಮ್ಮ ಗೃಹಿಣಿಯು ಎರಡನೆಯ ದಿನದಿಂದ ತಾವಾಗಿಯೇ ಹೋಗಿ ತರಕಾರಿ ಹೆಚ್ಚಲು ಕೂತರು. ‘ಬೇಡ ಅಕ್ಕಾ, ನೀವು ದುಡ್ಡು ಕೊಟ್ಟು ಬಂದವರು’ ಎಂದು ಆಕೆ ತಡೆದಾಗ, ‘ದುಡ್ಡು ಕೊಟ್ಟವರು ಅವರು, ನಾನಲ್ಲ’ ಎಂದು ನಮ್ಮ ಕಡೆ ಕೈ ತೋರಿಸಿದರಂತೆ. ಅಡಿಗೆಮನೆಯ ಈ ಸ್ನೇಹದಿಂದಲೇ ಮುಂದಿನ ವಿಷಯವು ನಮ್ಮ ಕಿವಿಗೆ ಬಿದ್ದಿತು.

ಆ ಮನೆಗೆ ಒಬ್ಬನೇ ಮಗ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಈಚಿನ ವರ್ಷಗಳಲ್ಲಿ ಮಲೆನಾಡಿನ ತೋಟಗಳಲ್ಲಿ ಎಲೆಚುಕ್ಕಿ ರೋಗವು ಹರಡಿ ಅನೇಕರ ಆದಾಯವನ್ನು ಕುಂದಿಸಿದೆ. ಇವರ ತೋಟಕ್ಕೂ ಅದು ತಗಲಿದೆ. ಕೊನೆಗೌಡರು ಸಿಕ್ಕುವುದಿಲ್ಲ, ಸಿಕ್ಕಿದರೆ ಕೂಲಿ ಹೆಚ್ಚು. ಇಂಥ ಸಮಯದಲ್ಲಿ ಪಟ್ಟಣದ ಗುತ್ತಿಗೆದಾರನೊಬ್ಬನು ಬಂದು ಒಂದು ಸಲಹೆಯನ್ನು ಮುಂದಿಟ್ಟಿದ್ದನು. ತೋಟದ ತಲೆಯ ಮೇಲಿನ ಬೇಣವು ಇವರ ಸ್ವಂತ ಮಾಲ್ಕಿ. ಅದನ್ನು ಯಂತ್ರದಿಂದ ಸಮಮಾಡಿ, ಎಂಟು ಕುಟೀರಗಳನ್ನೂ ಒಂದು ಈಜುಕೊಳವನ್ನೂ ಕಟ್ಟುವುದು. ಸಾಲವನ್ನು ಅವನೇ ಕೊಡಿಸುವನು. ವಾರದ ಕೊನೆಯ ದಿನಗಳಲ್ಲಿ ನಲವತ್ತು ಜನ ಬರುವರು. ಐದು ವರ್ಷದಲ್ಲಿ ಸಾಲ ತೀರುವುದು. ಕುಟೀರಗಳಿಗೆ ಹುಲ್ಲು ಹೊದಿಸಿ, ಬಾಗಿಲಿನಲ್ಲಿ ‘ಪರಿಸರಧಾಮ’ ಎಂಬ ಫಲಕವನ್ನು ಹಾಕುವುದೆಂದೂ ಅವನ ನಕ್ಷೆಯಲ್ಲಿತ್ತು. ಮಗನಿಗೆ ಇದು ಒಪ್ಪಿಗೆ. ಯಜಮಾನರು ತೂಗಾಡುತ್ತಿದ್ದರು. ಮೂರನೆಯ ದಿನ ಸಂಜೆ ಜಗಲಿಯ ಮೇಲೆ ನಕ್ಷೆಯನ್ನು ಬಿಡಿಸಿ, ‘ಮಾಸ್ತರೇ, ನೀವು ನಾಲ್ಕು ಊರು ಕಂಡವರು. ಏನು ಹೇಳ್ತೀರಿ?’ ಎಂದು ಕೇಳಿದರು.

ನಾವು ಒಮ್ಮೆಲೆ ಉತ್ತರ ಕೊಡಲಿಲ್ಲ. ನಾಲ್ಕು ದಿನ ಇದ್ದು ಹೋಗುವವನು ನಲವತ್ತು ವರ್ಷ ದುಡಿದವನಿಗೆ ಬಡತನವನ್ನು ಉಪದೇಶಿಸುವುದು ಸಲ್ಲದು. ಅಡಕೆಯಿಂದ ಬದುಕು ಸಾಗದೆ ಹೋದರೆ ತೋಟವನ್ನು ಮಾರಬೇಕಾದೀತೆಂಬ ಅವರ ಭಯ ಸುಳ್ಳಲ್ಲ. ಆದ್ದರಿಂದ ಒಂದು ಪ್ರಶ್ನೆಯನ್ನು ಮಾತ್ರ ಕೇಳಿದೆವು: ‘ಒರತೆ ಎಲ್ಲಿದೆ?’ ಅವರು ನಕ್ಷೆಯ ಮೇಲೆ ಬೆರಳಿಟ್ಟರು. ಬೆರಳು ಈಜುಕೊಳದ ಪಕ್ಕದಲ್ಲಿಯೇ ನಿಂತಿತು. ಆಗ ಬಾಗಿಲ ಬಳಿ ಅಕ್ಕಿ ಆರಿಸುತ್ತಿದ್ದ ಮನೆಯಾಕೆ ತಲೆಯೆತ್ತದೆಯೇ ಹೇಳಿದರು: ‘ನಾಲ್ಕು ಜನ ಬಂದ್ರೆ ನಾನು ಬಡಿಸ್ತೇನೆ. ನಲವತ್ತು ಜನ ಬಂದ್ರೆ ಬಡಿಸೋದು ನಾನಲ್ಲ, ಯಾರೋ ಸಂಬಳದವರು. ಆಗ ಬಂದವರು ನಮ್ಮನೆಗೆ ಬಂದ ಹಾಗೆ ಆಗೋದಿಲ್ಲ; ನಾವೇ ಅವರ ಮನೆಯಲ್ಲಿ ಇದ್ದ ಹಾಗೆ ಆಗ್ತದೆ. ಬೇಣ ಹೋದ್ರೆ ಹುಲ್ಲಿಲ್ಲ, ದನ ಇಲ್ಲ. ನೀರು ಮೇಲೇ ನಿಂತರೆ ತೋಟಕ್ಕೆ ಬರೋದು ಏನು?’ ಜಗಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಯಜಮಾನರು ನಕ್ಷೆಯನ್ನು ಸುರುಳಿ ಸುತ್ತಿ ಅಟ್ಟಕ್ಕೆ ಇಟ್ಟರು.

ಆಕೆಯ ಮಾತು ಬರಿಯ ಭಾವನೆಯದಲ್ಲ, ಅದರಲ್ಲಿ ಶಾಸ್ತ್ರವಿದೆ. ಇಟಲಿ ದೇಶದಲ್ಲಿ ಕೃಷಿಕರ ಮನೆಗಳಲ್ಲಿ ಪ್ರವಾಸಿಗಳನ್ನು ಇಳಿಸಿಕೊಳ್ಳುವ ಪದ್ಧತಿಯನ್ನು ಕ್ರಮಪಡಿಸಲು 1985ರಲ್ಲಿ ಒಂದು ಕಾನೂನನ್ನು ಮಾಡಿದರು. ಅದರ ಮುಖ್ಯ ನಿಯಮವೇನೆಂದರೆ, ಕೃಷಿಯೇ ಪ್ರಧಾನವಾಗಿರತಕ್ಕದ್ದು, ಅತಿಥಿಗಳ ವ್ಯವಹಾರವು ಅದಕ್ಕೆ ಪೂರಕವಾಗಿರತಕ್ಕದ್ದು. ನಮ್ಮ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯಲ್ಲಿಯೂ ಒಂದರಿಂದ ಆರು ಕೋಣೆಗಳ ಮಿತಿಯನ್ನು ಇಟ್ಟು, ಮನೆಯವರು ಅಲ್ಲಿಯೇ ವಾಸವಾಗಿರಬೇಕೆಂದು ವಿಧಿಸಿದ್ದಾರೆ. ಎರಡರ ಅಭಿಪ್ರಾಯವೂ ಒಂದೇ: ಬಳ್ಳಿಯು ಮರವನ್ನು ಆಶ್ರಯಿಸಬೇಕೇ ಹೊರತು ಮರವನ್ನು ನುಂಗಬಾರದು. ಇನ್ನು ಗುಡ್ಡವನ್ನು ಕಡಿಯುವ ವಿಷಯ. ಇಳಿಜಾರಿನ ಬುಡವನ್ನು ನೇರವಾಗಿ ಕಡಿದು, ಮೇಲೆ ನೀರು ನಿಲ್ಲುವಂತೆ ಮಾಡಿದರೆ, ಮಳೆಯಲ್ಲಿ ನೆನೆದು ಭಾರವಾದ ಮಣ್ಣಿಗೆ ಆಧಾರ ತಪ್ಪುತ್ತದೆ. ಕೊಡಗಿನಲ್ಲಿ 2018ರ ಆಗಸ್ಟಿನಲ್ಲಿಯೂ, ಉತ್ತರ ಕನ್ನಡದ ಅಂಕೋಲೆಯ ಬಳಿಯ ಶಿರೂರಿನಲ್ಲಿ 2024ರ ಜುಲೈಯಲ್ಲಿಯೂ ಗುಡ್ಡಗಳು ಜರಿದು ಪ್ರಾಣಹಾನಿಯಾದದ್ದನ್ನು ಯಾರೂ ಮರೆತಿರಲಾರರು. ಪಶ್ಚಿಮಘಟ್ಟಗಳ ಕೆಲವು ಭಾಗಗಳನ್ನು 2012ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ತಾಣಗಳೆಂದು ಅಂಗೀಕರಿಸಿತು. ಜಗತ್ತು ಗೌರವಿಸುವ ಬೆಟ್ಟವನ್ನು ನೋಡಹೋಗುವವರ ಸಲುವಾಗಿಯೇ ಆ ಬೆಟ್ಟವನ್ನು ಕಡಿಯುವುದು ವಿಪರ್ಯಾಸವಲ್ಲವೆ?

ಇಲ್ಲಿಯೇ ನಮ್ಮ ವಾಚಕರ ಪಾತ್ರವು ಬರುತ್ತದೆ. ಗುತ್ತಿಗೆದಾರನು ಈಜುಕೊಳದ ನಕ್ಷೆಯನ್ನು ತಂದದ್ದು ತನ್ನ ಕಲ್ಪನೆಯಿಂದಲ್ಲ. ಬರುವವರು ಅದನ್ನು ಕೇಳುತ್ತಾರೆಂಬುದು ಅವನಿಗೆ ಗೊತ್ತು. ನಾವು ಏನನ್ನು ಕೇಳುತ್ತೇವೆಯೋ ಮಲೆನಾಡು ಅದೇ ಆಗುತ್ತದೆ. ಆದಕಾರಣ ಹೋಗುವ ಮೊದಲು ಗೃಹಸ್ಥರು ವಿಚಾರಿಸತಕ್ಕ ಕೆಲವು ವಿಷಯಗಳನ್ನು ಹೇಳುತ್ತೇವೆ. ಮನೆಯವರು ಅಲ್ಲಿಯೇ ವಾಸವಾಗಿದ್ದಾರೆಯೆ? ಅವರಿಗೆ ನಿಜವಾದ ಬೇಸಾಯವಿದೆಯೆ, ಅಥವಾ ನಾಲ್ಕು ಕುಂಡಗಳನ್ನಿಟ್ಟು ತೋಟವೆನ್ನುತ್ತಾರೆಯೆ? ನೀರು ಎಲ್ಲಿಂದ ಬರುತ್ತದೆ, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ? ಕಸವನ್ನು ಏನು ಮಾಡುತ್ತಾರೆ? ಸರ್ಕಾರದಲ್ಲಿ ನೋಂದಣಿಯಾಗಿದೆಯೆ? ಒಂದು ಕಾಲಕ್ಕೆ ಎಷ್ಟು ಜನರನ್ನು ಇಳಿಸಿಕೊಳ್ಳುತ್ತಾರೆ? ಈ ಪ್ರಶ್ನೆಗಳಿಗೆ ನೇರವಾದ ಉತ್ತರ ಬಂದರೆ ಫಲಕದ ಮೇಲಿನ ಬರಹವನ್ನು ಓದುವ ಅಗತ್ಯವಿಲ್ಲ.

ಹೋದ ಮೇಲೆ ನಡೆದುಕೊಳ್ಳತಕ್ಕ ಕ್ರಮವೂ ಉಂಟು. ಪ್ಲಾಸ್ಟಿಕ್ಕಿನ ಶೀಶೆಗಳನ್ನೂ ಚೀಲಗಳನ್ನೂ ಒಯ್ಯದಿರುವುದು ಉತ್ತಮ. ಒಯ್ದರೆ ಹಿಂದಕ್ಕೆ ತರತಕ್ಕದ್ದು. ಒಮ್ಮೆ ಬಳಸಿ ಎಸೆಯುವ ಹಲವು ಬಗೆಯ ಪ್ಲಾಸ್ಟಿಕ್ ಪದಾರ್ಥಗಳನ್ನು ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಿದ್ದರೂ ಹಳ್ಳದ ದಂಡೆಗಳಲ್ಲಿ ಅವು ಕಾಣುತ್ತಲೇ ಇವೆ. ಕಾಡಿನ ಅಂಚಿನಲ್ಲಿ ಧ್ವನಿವರ್ಧಕದ ಹಾಡನ್ನು ಹಾಕುವುದು ಪಕ್ಷಿಗಳಿಗೂ ನೆರೆಯವರಿಗೂ ಹಿಂಸೆ. ಕಷಾಯ ಕೊಟ್ಟಲ್ಲಿ ಕಷಾಯವನ್ನು ಕುಡಿಯಿರಿ. ಪಟ್ಟಣದ ತಿಂಡಿಗಳನ್ನು ಮಾಡಿಕೊಡೆಂದು ಪೀಡಿಸಬೇಡಿ. ಬಡಿಸಿದ್ದನ್ನು ಎಲೆಯಲ್ಲಿ ಬಿಡಬೇಡಿ. ದೇವರ ಕೋಣೆಗೂ ಅಡಿಗೆಮನೆಗೂ ಕೇಳದೆ ನುಗ್ಗಬೇಡಿ. ಕೆಲಸದಲ್ಲಿರುವ ಹೆಂಗಸರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ತೆಗೆಯಬೇಡಿ. ಹಣದ ವಿಷಯದಲ್ಲಿ ಮೊದಲೇ ಸ್ಪಷ್ಟವಾಗಿ ಮಾತಾಡಿ, ಹೊರಡುವಾಗ ಚೌಕಾಸಿಗೆ ನಿಲ್ಲಬೇಡಿ. ಮಕ್ಕಳಿಗೆ ಒಂದು ಕೆಲಸವನ್ನು ಕೊಡಿಸಿ. ಕರುವಿಗೆ ಹುಲ್ಲು ಹಾಕುವುದಾಗಲಿ, ಬಿದ್ದ ಅಡಕೆಯನ್ನು ಆರಿಸುವುದಾಗಲಿ ಸಾಕು. ಪಾಠಶಾಲೆಯಲ್ಲಿ ನಾವು ಬಹುಕಾಲ ಹೇಳಿದರೂ ಹುಡುಗರ ತಲೆಗೆ ಹೋಗದ ಸಂಗತಿಗಳು ಒಂದು ಕೊಟ್ಟಿಗೆಯಲ್ಲಿ ಒಂದು ಬೆಳಗಿನೊಳಗೆ ಹೋಗುತ್ತವೆ.

ಆರೋಗ್ಯದ ಎಚ್ಚರವನ್ನೂ ಮರೆಯಬಾರದು. ಮಳೆಗಾಲದಲ್ಲಿ ತೋಟಕ್ಕಿಳಿದರೆ ಇಂಬಳಗಳು ಕಾಲಿಗೆ ಹತ್ತುತ್ತವೆ. ಅವುಗಳಿಂದ ಸ್ವಲ್ಪ ರಕ್ತ ಹೋಗುವುದಲ್ಲದೆ ದೊಡ್ಡ ಭಯವಿಲ್ಲ. ಆದರೆ ಮಂಗನ ಕಾಯಿಲೆಯ ಮಾತು ಬೇರೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರವು ಉಣುಗುಗಳ ಕಡಿತದಿಂದ ಬರುತ್ತದೆ. ಚಳಿಗಾಲದಿಂದ ಮುಂಗಾರಿನವರೆಗೆ ಇದರ ಕಾಲ. ಮಂಗಗಳು ಸತ್ತುಬಿದ್ದ ಸುದ್ದಿ ಇದ್ದ ಕಡೆಗೆ ಕಾಡಿನಲ್ಲಿ ತಿರುಗಾಡಲು ಹೋಗಲೇಬಾರದು. ಬೇರೆ ಕಡೆಗಳಲ್ಲಿಯೂ ಮೈ ತುಂಬ ಬಟ್ಟೆ ಧರಿಸಿ, ಉಣುಗನ್ನು ದೂರವಿಡುವ ತೈಲವನ್ನು ಹಚ್ಚಿಕೊಂಡು, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನಮಾಡಿ, ಬಟ್ಟೆಯನ್ನು ಒಗೆದುಹಾಕುವುದು ಕ್ಷೇಮ. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ವೈದ್ಯರಿಗೆ ‘ಮಲೆನಾಡಿಗೆ ಹೋಗಿದ್ದೆವು’ ಎಂಬುದನ್ನು ತಪ್ಪದೆ ತಿಳಿಸಬೇಕು.

ಆ ತೋಟದ ಮನೆಯಿಂದ ಯುಗಾದಿಯ ಹೊತ್ತಿಗೆ ನಮಗೊಂದು ಕಾಗದ ಬಂದಿತು. ಗುತ್ತಿಗೆದಾರನ ನಕ್ಷೆಯನ್ನು ಹಿಂದಕ್ಕೆ ಕಳುಹಿಸಿದರಂತೆ. ಬೀಗ ಹಾಕಿದ್ದ ಹಳೆಯ ಅಡಕೆಯ ಉಗ್ರಾಣದ ಮಾಡನ್ನು ಕಳಚಿ, ಅದೇ ಹೆಂಚನ್ನು ತೊಳೆದು ಹೊದಿಸಿ, ಅದರಲ್ಲಿ ಎರಡು ಕೋಣೆಗಳನ್ನು ಮಾಡಿಸುತ್ತಿದ್ದಾರೆ. ಮಗನು ಮೊದಲು ಮುನಿಸಿಕೊಂಡನಾದರೂ ಈಗ ತಾನೇ ಲೆಕ್ಕ ಹಾಕಿ ಮಳೆಗಾಲಕ್ಕೆ ಮುಂಚೆ ಕೆಲಸ ಮುಗಿಯಬೇಕೆಂದು ಅವಸರಪಡಿಸುತ್ತಿದ್ದಾನೆ. ಎರಡು ಕೋಣೆಗಳ ಆದಾಯದಿಂದ ಎಲೆಚುಕ್ಕಿಯ ನಷ್ಟವೆಲ್ಲ ತುಂಬುವುದೆಂದು ಯಜಮಾನರು ಬರೆದಿಲ್ಲ. ‘ಕೊನೆ ಕೊಯ್ಲಿನ ಕೂಲಿಯಾದರೂ ಹುಟ್ಟೀತು’ ಎಂದಿದ್ದಾರೆ. ತೋಟವು ಉಳಿಯುವುದೋ ಇಲ್ಲವೋ ಎಂಬುದು ಇನ್ನೂ ಕೆಲವು ವರ್ಷಗಳಲ್ಲಿ ಗೊತ್ತಾಗತಕ್ಕ ವಿಷಯ. ಅದು ಮಳೆಯ ಕೈಯಲ್ಲಿಯೂ ರೋಗದ ಕೈಯಲ್ಲಿಯೂ ಇರುವಷ್ಟೇ ನಮ್ಮ ಕೈಯಲ್ಲಿಯೂ ಇದೆ. ಎರಡೇ ಕೋಣೆಗಳುಳ್ಳ ಮನೆಯನ್ನು ಹುಡುಕಿಕೊಂಡು ಹೋಗುವ, ಹಂಡೆಯ ನೀರಿನಲ್ಲಿ ಸಂತೋಷಪಡುವ, ಬಡಿಸಿದವಳ ಊಟವಾಯಿತೆ ಎಂದು ಕೇಳುವ ಗೃಹಸ್ಥರು ಸಾಕಷ್ಟು ಜನ ಇದ್ದರೆ, ಇಂಥ ಮನೆಗಳು ಬೇಣವನ್ನು ಕಡಿಯದೆ ಬದುಕಬಲ್ಲವು. ಈ ಪತ್ರಿಕೆಯನ್ನು ಓದುವ ಸಂಸಾರಗಳಲ್ಲಿ ಅಂಥವರು ಹಲವರಿರುವರೆಂದು ನಾವು ನಂಬಿದ್ದೇವೆ.